ಎತ್ತು ಕಾಯ್ದವನ ಮುಚ್ಚಳಿಕೆ

ಆಗಸ್ಟ್ 11, ಸೋಮವಾರ

ಮೆಸ್‌ನಲ್ಲಿ ಮತ್ತೆ ಉಪ್ಪಿಟ್ಟು. ಒಬ್ಬನೇ ತಿಂದೆ. ಕಾಲೇಜಿಗೆ ಹೋದರೆ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು — ಕಿರಣ್‌ಕುಮಾರ್ ಡಿ., ಬಿ.ಎಸ್ಸಿ. ಎರಡನೇ ವರ್ಷ, ಹಾಜರಾತಿ ಕಡಿಮೆ, ಟ್ರಸ್ಟಿನ ಸ್ಕಾಲರ್‌ಶಿಪ್ ರದ್ದು. ಅದಿಲ್ಲದಿದ್ದರೆ ಹಾಸ್ಟೆಲೂ ಇಲ್ಲ, ಕಾಲೇಜೂ ಇಲ್ಲ. ಇಡೀ ಚಳ್ಳಕೆರೆ ಓದಿಕೊಂಡು ಹೋಗಲಿ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಪುಣ್ಯಾತ್ಮರು.

ಆಗಸ್ಟ್ 12

ಆಫೀಸಿನ ಶಾರದಮ್ಮ ಮೇಡಂ ಅಪೀಲು ಹಾಕು ಎಂದರು.

"ಜ್ವರ ಅಂತ ಬರಿಯಪ್ಪ. ಡಾಕ್ಟರ ಹತ್ರ ಸರ್ಟಿಫಿಕೇಟ್ ತಗಂಬಾ. ಮುಗೀತು."

ಜ್ವರ ಎಲ್ಲಿತ್ತು? ಅಪ್ಪನ ಕಾಲಿಗೆ ಜಾಲಿ ಮುಳ್ಳು ನಾಟಿ ಕೀವಾಗಿತ್ತು. ನಮ್ಮದು ಕಿಲಾರಿಗಳ ಮನೆ — ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವವರು. ಮನೆಯಲ್ಲಿ ಉಳಿದಿರುವುದು ಅಪ್ಪ, ನಾನು ಇಬ್ಬರೇ. ಅವ್ವ ಹೋದ ಮೇಲೆ ಅಪ್ಪ ಊರೊಳಗೂ ಬರುವುದಿಲ್ಲ. ಮೊಳಕಾಲ್ಮುರು ಕಡೆ, ಮುಳ್ಳುಬೇಲಿಯ ರೊಪ್ಪದಲ್ಲಿ ಎತ್ತುಗಳ ಜೊತೆಯೇ ವಾಸ. ಅವನು ಮಲಗಿದರೆ ನಾನೇ ಹೋಗಬೇಕು. ಹೋಗಿದ್ದೆ. ಇದಕ್ಕೆ ಯಾವ ಡಾಕ್ಟರು ಸರ್ಟಿಫಿಕೇಟ್ ಕೊಡುತ್ತಾನೆ?

ಇದ್ದದ್ದನ್ನೇ ಬರೆದು ಕೊಟ್ಟೆ.

ಸೆಪ್ಟೆಂಬರ್ 4

ಟ್ರಸ್ಟಿನವರು ಕರೆದಿದ್ದರು. ಮೂವರು ಕೂತಿದ್ದರು.

"ಎತ್ತು ಕಾಯೋಕೆ ಬೇರೆ ಯಾರೂ ಇರಲಿಲ್ವೇನಪ್ಪಾ?"

"ದೇವರೆತ್ತು ಸಾರ್. ನಮ್ಮನೇರೇ ಕಾಯ್ಬೇಕು."

ಒಬ್ಬರು ನಕ್ಕರು. ಕಿವಿ ಬಿಸಿಯಾಯಿತು. ಅವರಲ್ಲಿದ್ದ ಮೇಡಂ ಮಾತ್ರ ಪೂರ್ತಿ ಕೇಳಿದರು. ಕೊನೆಗೆ — ಸ್ಕಾಲರ್‌ಶಿಪ್ ಮತ್ತೆ ಕೊಡುತ್ತಾರಂತೆ! ಆದರೆ ಮುಚ್ಚಳಿಕೆ ಬೇಕು: ಇನ್ನು ಮುಂದೆ ಎತ್ತು ಕಾಯಲು ಹೋಗುವುದಿಲ್ಲ.

ಹಿಂದೆಮುಂದೆ ನೋಡದೆ ಸೈನ್ ಹಾಕಿದೆ. ನಾನು ಹೋದರೆ ಇವರೇನು ರೊಪ್ಪಕ್ಕೆ ಬಂದು ಹಾಜರಿ ಕರೆಯುತ್ತಾರಾ?

ಖುಷಿ. ಹೇಳೋಣವೆಂದರೆ ರೂಮಿನಲ್ಲಿ ಯಾರೂ ಇಲ್ಲ. ರೂಮ್‌ಮೇಟ್ ಶಹನವಾಜ್ ಊರಿಗೆ ಹೋಗಿದ್ದಾನೆ.

ಸೆಪ್ಟೆಂಬರ್ 7, ಭಾನುವಾರ

ಬಾಳೆಹಣ್ಣು ಕಟ್ಟಿಸಿಕೊಂಡು ಮೊದಲ ಬಸ್ಸಿಗೇ ಹೋದೆ. ಬೇಲಿಯ ಹತ್ತಿರ ನಿಂತೇ ಎಲ್ಲ ಹೇಳಿದೆ. ಮುಚ್ಚಳಿಕೆಯ ಕಥೆಯನ್ನೂ, ನಗುನಗುತ್ತಾ. ಅಪ್ಪ ನಗಲಿಲ್ಲ.

"ಬರ್ಕೊಟ್ಯೇನು?"

"ಸುಮ್ನೆ ಅಪ್ಪ... ಕಾಗದದಾಗೆ ಅಷ್ಟೇ."

"ಹೆಸರು ನಿಂದೇ ಹಾಕಿದೀಯಲ್ಲ."

ಒಳಗೆ ಹೋಗಲು ಚಪ್ಪಲಿ ಬಿಟ್ಟೆ. ರೊಪ್ಪದೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ.

"ಹಾಕ್ಕಳಲೇ ಚಪ್ಪಲಿನ. ಬರಲ್ಲ ಅಂತ ಮಾತು ಕೊಟ್ಟು ಬಂದೀಯ. ಇನ್ನ ಒಳಗೆ ಬರಬ್ಯಾಡ. ಹೋಗಿ ಓದ್ಕ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡುತ್ತಿದ್ದೆ. ಬೇಲಿಯ ಮೇಲಿಂದ ಹಣ್ಣು ಕೊಟ್ಟೆ. ತೆಗೆದುಕೊಂಡ. ಕುಂಟುತ್ತಾ ಎತ್ತುಗಳ ಕಡೆ ಹೋದ.

ಬಸ್ಸಿನಲ್ಲಿ ಅಳು ಬಂತು. ಪಕ್ಕದವರು ನೋಡಿದರು. ನೋಡಲಿ.

ಸೆಪ್ಟೆಂಬರ್ 26

ಸ್ಕಾಲರ್‌ಶಿಪ್ ಬಂತು. ಒಂದು ಕ್ಲಾಸೂ ತಪ್ಪಿಸಿಲ್ಲ. ಯಾರಿಗೆ ಬೇಕಿತ್ತು ಈ ಹಾಜರಿ...

ಸಂಜೆ ಎರ್ರಿಸ್ವಾಮಿ ಮಾವನ ಫೋನ್. ಅವ್ವನ ತಮ್ಮ. "ನಿಮ್ಮಪ್ಪನ ಕಾಲು ಮತ್ತೆ ಊದೈತೆ ಕಣೋ. ನಿಂಗೆ ಹೇಳಬ್ಯಾಡ ಅಂದಾನೆ."

"ಎತ್ತು?"

"ಅವನೇ ಕಾಯ್ತಾನೆ. ನಾನು ಕಿಲಾರಿ ಮನೆಯೋನಲ್ಲ, ಕಾಯಂಗಿಲ್ಲವಲ್ಲ."

ತಕ್ಷಣ ಅಪ್ಪನಿಗೆ ಫೋನ್ ಮಾಡಿದೆ.

"ಚೆನ್ನಾಗಿದೀನಿ. ಊಟ ಆತಾ?" ಎಂದ. ಹಿಂದೆ ಎತ್ತಿನ ಗಂಟೆ ಕೇಳಿಸುತ್ತಿತ್ತು.

ಆತು ಎಂದೆ. ಆಗಿರಲಿಲ್ಲ. ಬರಲಾ ಎಂದು ಕೇಳಬೇಕೆಂದಿದ್ದೆ. ಕೇಳದೆ ಫೋನ್ ಇಟ್ಟೆ. ಬ್ಯಾಡ ಅಂತಾನೆ, ಗೊತ್ತು. ಅಕಸ್ಮಾತ್ ಬಾ ಎಂದುಬಿಟ್ಟರೆ, ನಾನು ಸೈನ್ ಹಾಕಿದ ಮುಚ್ಚಳಿಕೆ —