ನೀವು ಸುಮ್ಮನೆ ಕೂತಿದ್ದ ಹೊತ್ತು

ಗಿರಿಜಕ್ಕಾ,

ನೀವಿದ್ದಾಗ ಒಮ್ಮೆಯೂ ನಿಮ್ಮನ್ನು ಹೀಗೆ ಕರೆಯಲಿಲ್ಲ. ನಾನು ‘ಟೀಚರ್’ ಎನ್ನುತ್ತಿದ್ದೆ, ನೀವು ‘ಮೇಡಂ’ ಎನ್ನುತ್ತಿದ್ದಿರಿ. ಇನ್ನು ಆ ಮರ್ಯಾದೆಯೆಲ್ಲ ಯಾಕೆ? ಹೇಳುವುದು ಬಹಳ ಇದೆ. ಇದು ಅಳುವ ಪತ್ರವಲ್ಲ. ಅತ್ತು ಬರೆದರೆ ನೀವು ಓದುವವರೂ ಅಲ್ಲ.

ಮೊದಲ ದಿನ ನಿಮ್ಮ ಅಂಗನವಾಡಿಗೆ ಬಂದದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ದಾವಣಗೆರೆಯಿಂದ ಬಸ್ಸು ಹತ್ತಿ ಬಂದು, ಹರಿಹರದ ಬಸ್‌ಸ್ಟ್ಯಾಂಡಿನಿಂದ ಹೊಳೆ ಕಡೆಯ ನಿಮ್ಮ ಓಣಿಗೆ ನಡೆದು, ಬೆವರುತ್ತ ಬಾಗಿಲಲ್ಲಿ ನಿಂತಿದ್ದೆ. ಪುಟ್ಟ ಮಕ್ಕಳಿಗೆ ಟೀಚರುಗಳು ಹೇಗೆ ಕಲಿಸುತ್ತಾರೆ, ಎಷ್ಟು ಚೆನ್ನಾಗಿ ಕಲಿಸುತ್ತಾರೆ ಎಂಬುದು ನನ್ನ ಪಿಎಚ್‌ಡಿ ವಿಷಯ. ಹಿಂದಿನ ಗೋಡೆಗೆ ಒರಗಿ ಕೂತು ನಿಮಿಷಕ್ಕೊಮ್ಮೆ ಹಾಳೆಯಲ್ಲಿ ಗುರುತು ಹಾಕಬೇಕಿತ್ತು. ಹಾಡು, ಕಥೆ, ಪಾಠ, ಪ್ರಶ್ನೆ. ಇವು ಯಾವುದೂ ನಡೆಯದಿದ್ದರೆ ‘ಬೋಧನೆ ಇಲ್ಲ’. ನೀವು ಒಂದು ಹೀರೇಕಾಯಿ ತಂದು ಮಕ್ಕಳ ನಡುವೆ ಇಟ್ಟು, “ಇದರ ಮೈಮ್ಯಾಲೆ ಗೆರೆ ಯಾಕ ಅದಾವು?” ಎಂದು ಕೇಳಿ ಸುಮ್ಮನೆ ಕೂತಿರಿ. ಯಾರೂ ಮಾತಾಡಲಿಲ್ಲ. ನೀವೂ ಮಾತಾಡಲಿಲ್ಲ. ನಾನು ಗಡಿಯಾರ ನೋಡಿ ‘ಬೋಧನೆ ಇಲ್ಲ’ ಎಂದು ಬರೆದೆ, ಮರುನಿಮಿಷವೂ ಅದನ್ನೇ ಬರೆದೆ. ಆಮೇಲೆ ಒಬ್ಬಳು, ಅದಕ್ಕೆ ವಯಸ್ಸಾಗಿದೆ ಎಂದಳು. ಪಕ್ಕದವನು, ಇಲ್ಲ, ಅದು ಸೀರೆ ಉಟ್ಟಿದೆ, ಅವು ನೆರಿಗೆ ಎಂದ. ಅಲ್ಲಿಂದ ಎಲ್ಲರೂ ಒಟ್ಟಿಗೇ ಶುರು. ಹೀರೇಕಾಯಿ ಕೈಯಿಂದ ಕೈಗೆ ಹೋಯಿತು. ನಾನು ಅದಕ್ಕೆ ‘ಗದ್ದಲ’ ಎಂದು ಬರೆದೆ.

ಆ ಗುರುತುಗಳನ್ನು ಕೂಡಿಸಿ ಎಲ್ಲ ಕೇಂದ್ರಗಳ ಅಂಕಪಟ್ಟಿ ಮಾಡಿದ ದಿನ ನಿಮ್ಮ ಕೇಂದ್ರ ಎಲ್ಲಕ್ಕಿಂತ ಕೆಳಗಿತ್ತು. ಎಲ್ಲಕ್ಕಿಂತ ಮೇಲಿದ್ದುದು ಬೇರೊಂದು ಕೇಂದ್ರ. ಅಲ್ಲಿನ ಟೀಚರ್ ಒಂದು ಗಂಟೆ ಬಿಡದೆ ಮಾತಾಡಿದ್ದರು, ಮಕ್ಕಳು ಅದನ್ನೇ ಒಕ್ಕೊರಲಿನಿಂದ ತಿರುಗಿ ಹೇಳಿದ್ದರು. ಕೇಂದ್ರಗಳಿಗೆ ಬರಲು ನನಗೆ ಅನುಮತಿ ಕೊಡುವಾಗಲೇ ನಿಮ್ಮ ಮೇಲ್ವಿಚಾರಕಿ ಕೇಳಿದ್ದರಿಂದ ಪಟ್ಟಿಯ ಒಂದು ಪ್ರತಿ ಅವರಿಗೆ ಹೋಯಿತು. ಮೊದಲೇ ನಿಮ್ಮ ಓಣಿಯ ಮಕ್ಕಳು ಒಬ್ಬೊಬ್ಬರಾಗಿ ಕಾನ್ವೆಂಟಿನ ವ್ಯಾನು ಹತ್ತುತ್ತಿದ್ದರು. ಅದರ ಮೇಲೆ ನನ್ನ ಪಟ್ಟಿ. ಈ ಕೇಂದ್ರವನ್ನು ರೈಲ್ವೆ ಹಳಿಯ ಆಚೆಗಿನದಕ್ಕೆ ಸೇರಿಸಿಬಿಡೋಣ ಎಂಬ ಮಾತು ಹೊರಟಿತು. ಮೂರು ವರ್ಷದ ಮಕ್ಕಳು ದಿನಾ ಹಳಿ ದಾಟಿ ಹೋಗುವುದು ಹೇಗೆ ಎಂದು ನೀವು ಕೇಳಿದಿರಂತೆ. ನನ್ನನ್ನು ಮಾತ್ರ ಏನೂ ಕೇಳಲಿಲ್ಲ. ಯಾಕೆ ಗಿರಿಜಕ್ಕಾ, ಒಂದು ಫೋನು ಮಾಡಿ ಬೈಯಬಹುದಿತ್ತಲ್ಲ?

ನನ್ನ ಕಣ್ಣು ತೆರೆಸಿದವರು ನನ್ನ ಅತ್ತೆ. ದಾವಣಗೆರೆಯ ಆನೆಕೊಂಡದ ನಮ್ಮ ಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ, ತರಗತಿಗಳಲ್ಲಿ ಮಾಡಿಕೊಂಡಿದ್ದ ರೆಕಾರ್ಡಿಂಗ್ ಹಾಕಿಕೊಂಡು, ಯಾರು ಏನು ಹೇಳಿದರೆಂದು ಬರೆಯುತ್ತ ಕೂತಿದ್ದೆ. ಅತ್ತೆ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದರು. ಮೊದಲ ನಂಬರಿನ ಕೇಂದ್ರದ್ದು ಮುಗಿಯುವವರೆಗೂ ಸುಮ್ಮನಿದ್ದವರು, ನಿಮ್ಮ ಹೀರೇಕಾಯಿ ಬಂದಾಗ ನಗತೊಡಗಿದರು. “ಅದ್ರಾಗ ಟೀಚರ್ ಒಬ್ಬಾಕೆನೇ ಮಾತಾಡ್ತಾಳ. ಇದ್ರಾಗ ಹುಡುಗ್ರು ಮಾತಾಡ್ತಾವು. ಯಾವುದಕ್ಕ ಅಂಕ ಜಾಸ್ತಿ ಕೊಟ್ಟೆ?” ಎಂದರು. ಎರಡನ್ನೂ ಮತ್ತೆ ಹಾಕಿ, ಮಕ್ಕಳು ಸ್ವಂತ ಯೋಚಿಸಿ ಆಡಿದ ಮಾತುಗಳಿಗೆ ಮಾತ್ರ ಗೆರೆ ಎಳೆದೆ. ನಿಮ್ಮ ಹಾಳೆ ಗೆರೆಗಳಿಂದ ತುಂಬಿಹೋಯಿತು. ಆ ಇನ್ನೊಂದು ಹಾಳೆ...

ಮರುದಿನವೇ ಹರಿಹರಕ್ಕೆ ಬಂದದ್ದು ನಿಮಗೆ ನೆನಪಿರಬೇಕು. ಮಕ್ಕಳು ಊಟಕ್ಕೆ ಕೂತಿದ್ದರು, ನೀವು ಮೊಟ್ಟೆ ಸುಲಿಯುತ್ತಿದ್ದಿರಿ. ತಪ್ಪಾಯಿತು ಟೀಚರ್, ನೀವು ಮಕ್ಕಳಿಗಾಗಿ ಕಾಯುತ್ತಿದ್ದುದನ್ನೇ ನಾನು ಬೋಧನೆ ಇಲ್ಲ ಎಂದು ಬರೆದೆ, ಆ ಹಾಳೆ ಹರಿದುಹಾಕುತ್ತೇನೆ ಎಂದೆ. ನೀವು ತಲೆ ಎತ್ತದೆ ಹೇಳಿದಿರಿ, “ಹರೀಬ್ಯಾಡ್ರಿ ಮೇಡಂ. ಬರೆದದ್ದು ಇರಲಿ. ಪಕ್ಕದಾಗ ಕಾಯೋದಕ್ಕ ಇನ್ನೊಂದು ಕಾಲಂ ಹಾಕ್ರಿ.” ಆಮೇಲೆ ಕೈ ಒರೆಸಿಕೊಂಡು, ನನಗೂ ಒಂಚೂರು ತೋರಿಸಿ ಎಂದಿರಿ. ಇಷ್ಟು ವರ್ಷದಲ್ಲಿ ಎಷ್ಟೋ ಜನ ಬಂದು ಬರೆದುಕೊಂಡು ಹೋಗಿದ್ದರಂತೆ, ಏನು ಬರೆದೆವೆಂದು ಒಬ್ಬರೂ ತೋರಿಸಿರಲಿಲ್ಲವಂತೆ. ಅದನ್ನು ನೀವು ನಗುತ್ತಲೇ ಹೇಳಿದಿರಿ. ನನಗೆ ನಗು ಬರಲಿಲ್ಲ.

ಹಾಳೆಯ ಹಿಂಬದಿ ತಿರುಗಿಸಿದಾಗ ನಿಮ್ಮ ನಗುವೂ ನಿಂತಿತು. ಮಕ್ಕಳು ಎಲ್ಲೆಲ್ಲಿ ಕೂರುತ್ತಾರೆಂದು ಅಲ್ಲಿ ಚಿತ್ರ ಬರೆದಿದ್ದೆ. ನೀವು ಯಾರನ್ನು ಮಾತಾಡಿಸಿದಿರೋ ಅವರ ಹೆಸರಿನ ಮುಂದೆ ಚುಕ್ಕೆ. ಹಿಂದೆ, ನೀರಿನ ಕೊಡದ ಹತ್ತಿರ ಕೂರುತ್ತಿದ್ದ ಕೊಟ್ರೇಶ ಮತ್ತು ರಂಜಿತಾ, ಇಬ್ಬರ ಮುಂದೆ ನಾನು ಬಂದು ಕೂತಿದ್ದ ಮೂರು ದಿನದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ನೀವು ಆ ಎರಡು ಹೆಸರುಗಳ ಮೇಲೆ ಬೆರಳಿಟ್ಟಿರಿ. “ಕಾಯ್ತೀನಿ ಅಂತ ನನಗ ಜಂಬ ಇತ್ತು. ಯಾರಿಗೆ ಕಾಯ್ತೀನಿ ಅಂತ ನೋಡ್ಕೊಳ್ಳಲೇ ಇಲ್ಲ,” ಎಂದಿರಿ. ನನ್ನ ಮುಂದೆ ಹಾಗೆ ಒಪ್ಪಿಕೊಂಡ ಟೀಚರ್ ಇನ್ನೊಬ್ಬರಿಲ್ಲ. ನಾನು ನಿಮ್ಮಲ್ಲಿ ಒಪ್ಪಿಕೊಳ್ಳಲು ಬಂದವಳು, ನೀವೇ ನನ್ನೆದುರು ಒಪ್ಪಿಕೊಂಡಿರಿ. ಮಿಕ್ಕ ಮೊಟ್ಟೆಗಳನ್ನು ಇಬ್ಬರೂ ಸೇರಿ ಸುಲಿದೆವು.

ಮುಂದಿನ ವಾರ ಬಂದಾಗ ನಿಮ್ಮ ಚಾಪೆ ನೀರಿನ ಕೊಡದ ಪಕ್ಕದಲ್ಲಿತ್ತು. ಮಕ್ಕಳನ್ನು ಎಬ್ಬಿಸುವ ಗೋಜಿಗೇ ಹೋಗದೆ ನೀವೇ ಜಾಗ ಬದಲಿಸಿದ್ದಿರಿ, ಹಿಂದಿನದು ಮುಂದಾಗಿತ್ತು. ರಂಜಿತಾ ಎರಡು ದಿನ ನಿಮ್ಮ ಸೆರಗು ಹಿಡಿದು ಕೂತು ಮೂರನೆಯ ದಿನ ಬಾಯಿ ಬಿಟ್ಟಳಂತೆ. ಕೊಟ್ರೇಶನದು ಬೇರೆ ಕಥೆ. ತಮ್ಮ ಮನೆಯ ಎಮ್ಮೆ ಕರು ಹಾಕಿದ್ದನ್ನು ಅವನು ಹೇಳಲು ಶುರು ಮಾಡಿದರೆ ಹಾಡು, ಊಟ, ನಿದ್ದೆ ಎಲ್ಲಕ್ಕೂ ಹೊತ್ತು ಮೀರುತ್ತಿತ್ತು. ಇವನನ್ನು ಯಾಕಾದರೂ ತೋರಿಸಿಕೊಟ್ಟಿರಿ ಎಂದು ನೀವು ನನ್ನ ಮೇಲೆ ಹುಸಿಮುನಿಸು ತೋರಿದಿರಿ.

ವಿದ್ಯಾನಗರದ ಕಾಲೇಜಿನಲ್ಲಿ ಗೈಡ್ ಸರ್ ಮುಂದೆ ನಿಂತ ದಿನವನ್ನು ನಿಮಗೆ ಪೂರ್ತಿ ಹೇಳಲೇ ಇಲ್ಲ. ನಾನು ಗುರುತು ಹಾಕುವ ಹಾಳೆಯ ನಮೂನೆಯೇ ತಪ್ಪು ಸರ್ ಎಂದಾಗ ಅವರು ಕನ್ನಡಕ ತೆಗೆದಿಟ್ಟರು. ಹಾಗಾದರೆ ಎಲ್ಲ ಕೇಂದ್ರಗಳಿಗೂ ಮತ್ತೆ ಹೋಗಬೇಕು, ಒಂದು ವರ್ಷ ಹೋಗುತ್ತದೆ, ಯೋಚಿಸಿ ಹೇಳಿ ಎಂದರು. ಯೋಚಿಸಿಯೇ ಬಂದಿದ್ದೇನೆ ಎಂದೆ. ಅವರು ಅಲ್ಲೇ ಕೂತು, ಹಳೆಯ ಪಟ್ಟಿಯನ್ನು ನಂಬಿ ಯಾವ ತೀರ್ಮಾನವನ್ನೂ ಮಾಡಬಾರದೆಂದು ನಿಮ್ಮ ಮೇಲ್ವಿಚಾರಕಿಗೆ ಪತ್ರ ಬರೆದರು. ಬಾಗಿಲ ತನಕ ಬಂದು, ಒಳ್ಳೆ ಕೆಲಸ ಮಾಡಿದಿರಿ ಎಂದರು. ಸರ್ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ.

ಶಾರದಮ್ಮ ಫೋನು ಮಾಡಿದಾಗ ನಾನು ಹರಿಹರದ ಬಸ್ಸಿನಲ್ಲೇ ಇದ್ದೆ. ನಿಮ್ಮ ಜೊತೆ ಅಷ್ಟು ವರ್ಷ ಅಡುಗೆ ಮಾಡಿ, ಮಕ್ಕಳನ್ನು ಕರೆತಂದ ಆ ಸಹಾಯಕಿಯೇ ಸುದ್ದಿ ಹೇಳಿದರು. ಎದೆನೋವು ಎಂದಿರಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ... ನನ್ನ ಬ್ಯಾಗಿನಲ್ಲಿ ಹೊಸ ನಮೂನೆ ಇತ್ತು. ನಿಮ್ಮ ಕಾಲಂ ಹಾಕಿ, ನಿಮಗೇ ಮೊದಲು ತೋರಿಸಬೇಕೆಂದು ತರುತ್ತಿದ್ದೆ. ಇರಲಿ ಬಿಡಿ. ಅಳುವ ಪತ್ರವಲ್ಲ ಎಂದು ನಾನೇ ಹೇಳಿದ್ದೇನೆ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿಗಳು. ಕೇಂದ್ರ ಎಲ್ಲಿಗೂ ಹೋಗಿಲ್ಲ, ಅದೇ ಓಣಿಯಲ್ಲಿದೆ. ಕಾನ್ವೆಂಟಿಗೆ ಹೋಗಿದ್ದ ಇಬ್ಬರು ತಿರುಗಿ ಬಂದಿದ್ದಾರೆ. ನನ್ನ ಪಿಎಚ್‌ಡಿ ಮುಗಿಯಿತು. ನಿಮ್ಮ ಜಾಗಕ್ಕೆ ಅನಿತಾ ಎಂಬ ಹುಡುಗಿ ಬಂದಿದ್ದಾಳೆ. ಅವಳ ಹಾಡು ಶ್ರುತಿಗೆ ನಿಲ್ಲುವುದಿಲ್ಲ, ಮಕ್ಕಳಿಗೆ ಅದೇ ಇಷ್ಟ. ಮೊದಮೊದಲು ಪ್ರತಿಯೊಂದಕ್ಕೂ ಅವಳನ್ನು ನಿಮ್ಮ ಜೊತೆ ಹೋಲಿಸುತ್ತಿದ್ದೆ. ಈಗ ಬಿಟ್ಟಿದ್ದೇನೆ, ಅವಳ ದಾರಿ ಬೇರೆ. ಹೋದ ವಾರ, ಹೊಸ ಅಧ್ಯಯನಕ್ಕೆ ನಿನ್ನ ತರಗತಿ ನೋಡಲು ಬರಲೇ ಎಂದು ಕೇಳಿದೆ. ಅವಳು ಒಂದು ಷರತ್ತು ಹಾಕಿದಳು. “ಬರ್ರಿ ಮೇಡಂ. ಆದ್ರ ಮೊದಲು ಒಂದಿನ ನೀವು ಕಲಿಸ್ರಿ. ನಾನು ಹಿಂದ ಕುಂತು ಬರ್ಕೋತೀನಿ.”

ಇಷ್ಟು ವರ್ಷ ಕಲಿಸುವವರನ್ನು ಅಳೆದುಕೊಂಡು ತಿರುಗಿದವಳು, ಅಂಗನವಾಡಿ ವಯಸ್ಸಿನ ಮಕ್ಕಳಿಗೆ ಒಂದು ದಿನವೂ ಕಲಿಸಿಲ್ಲ ಗಿರಿಜಕ್ಕಾ. ಆದರೂ ಒಪ್ಪಿಕೊಂಡೆ, ನಾಳೆ ಹತ್ತು ಗಂಟೆಗೆ ಶುರು. ಮಾರ್ಕೆಟ್ಟಿನಿಂದ ಹಸಿ ಶೇಂಗಾ ತಂದಿಟ್ಟಿದ್ದೇನೆ, ಸಿಪ್ಪೆ ಸಮೇತ. ಅದನ್ನಿಟ್ಟುಕೊಂಡು ಏನು ಕೇಳಬೇಕೆಂದು ಇನ್ನೂ ಹೊಳೆದಿಲ್ಲ. ಶಾರದಮ್ಮ ಆಗಲೇ ಓಣಿಯ ತಾಯಂದಿರಿಗೆಲ್ಲ ಹೇಳಿಬಿಟ್ಟಿದ್ದಾರೆ, ಅವರೂ ನೋಡಲು ಬರುತ್ತಾರಂತೆ.

ನಿಮ್ಮ
ಸುಮಂಗಲಾ