ಕೂತಿತು ಅಂತ ಕೂಡಿತು ಅಂದುಕೊಂಡೆ

ಹೊಂಬಾಳೆ,

ಸಂಪಿಗೆ ಊರಿನಿಂದ ಬಂದ ತಕ್ಷಣ ನಿನ್ನ ಸ್ಕೂಲಿನ ಕಂಪ್ಯೂಟರನ್ನು ಹುಡುಕಬೇಡವ್ವ. ಟವೆಲಿನಲ್ಲಿ ಸುತ್ತಿಕೊಂಡು ತಿಪಟೂರಿಗೆ, ರೇಡಿಯೋ ರಿಪೇರಿ ರಂಗಪ್ಪನ ಹತ್ತಿರ ಹೊರಟಿದ್ದೇನೆ. ಸುಟ್ಟವನು ನಾನೇ.

ನಿನ್ನೆ ಆಯುಧಪೂಜೆಗೆ ಮಚ್ಚು, ಕುಡುಗೋಲು, ಸೈಕಲ್ಲು ಎಲ್ಲಕ್ಕೂ ಕುಂಕುಮ ಇಟ್ಟೆ. ಹೆಣ್ಣುಮಕ್ಕಳಿಗೆ ವಿದ್ಯೆ ಕೊಡುವ ಯಂತ್ರ ಕಣ್ಣು ಮುಚ್ಚಿಕೊಂಡಿರುವಾಗ ಮಂಗಳಾರತಿ ಎತ್ತಲು ಮನಸ್ಸು ಬರಲಿಲ್ಲ. ಅದಕ್ಕೆ ಕರೆಂಟು ಕೊಡುವ ಎಲಿಮಿನೇಟರನ್ನು ನೀನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ನನ್ನ ರೇಡಿಯೋದ ಎಲಿಮಿನೇಟರನ್ನೇ ಸಿಕ್ಕಿಸಿದೆ. ಪಿನ್ನು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಕೂತಿತು ಅಂತ ಕೂಡಿತು ಅಂದುಕೊಂಡೆ. ಕರ್ಪೂರ ಹಚ್ಚುವ ಮೊದಲೇ ಹೊಗೆ ಬಂತು.

ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ. ಕಂಪ್ಯೂಟರಿನ ಮೇಲೂ ನನ್ನ ಎಲಿಮಿನೇಟರಿನ ಮೇಲೂ ಬರೆದದ್ದು ಒಂಬತ್ತು ವೋಲ್ಟೇ. ಆದರೆ ಒಂದರಲ್ಲಿ ಪ್ಲಸ್ಸು ಪಿನ್ನಿನ ಒಳಗೆ, ಇನ್ನೊಂದರಲ್ಲಿ ಹೊರಗೆ. ಕುರಿಮರಿಗೆ ಕೆಚ್ಚಲು ಸಿಕ್ಕರೆ ಸಾಲದು, ಅದರ ತಾಯಿಯೇ ಆಗಬೇಕು ಎಂದು ಊರಿಗೆಲ್ಲ ಕಥೆ ಹೇಳುವವನು ನಾನು. "ಇದನ್ನ ನಮ್ಮ ಹಳೇ ಟೀವಿಗೆ ಹೊಂದಿಸೋಕೇ ತಿಂಗಳು ಹಿಡೀತು ಕಣಪ್ಪ, ನನ್ನ ಕೇಳದೆ ಏನೂ ಸಿಕ್ಕಿಸಬ್ಯಾಡ" ಅಂತ ನೀನು ಹೇಳಿಯೂ ಇದ್ದೆ.

ಟೀವಿಗೆ ಏನೂ ಆಗಿಲ್ಲ. ಒಬ್ಬಟ್ಟು ಮುಚ್ಚಿಟ್ಟಿದ್ದೇನೆ, ಸಿಟ್ಟಿನಲ್ಲಿ ಉಪವಾಸ ಇರಬೇಡ.

ಪರದೆಯ ಮೇಲೆ ತಮ್ಮ ಹೆಸರು ಮೂಡುವುದನ್ನು ನೋಡಲು ನಾಡಿದ್ದು ನಿನ್ನ ಸ್ಕೂಲಿನ ಹುಡುಗಿಯರು ಬರುತ್ತಾರೆ. ಅಷ್ಟರೊಳಗೆ ಸರಿಹೋಗದಿದ್ದರೆ ಅವರಿಗೆ ನಾನೇ ನಿಜ ಹೇಳುತ್ತೇನೆ.

ವಿಜಯದಶಮಿ ಅಂತ ಅಂಗಡಿ ಮುಚ್ಚಿದ್ದರೆ ರಂಗಪ್ಪನ ಮನೆಗೇ ಹೋಗುತ್ತೇನೆ. ನನ್ನ ರೇಡಿಯೋವನ್ನೂ ಚೀಲಕ್ಕೆ ಹಾಕಿಕೊಂಡಿದ್ದೇನೆ. ಅದರೊಳಗಿನ ಯಾವುದಾದರೂ ನಿನ್ನದಕ್ಕೆ ಕೂಡುವುದಾದರೆ ಬಿಚ್ಚಿಕೊಳ್ಳಲಿ. ಈ ಸಲ ಕೇಳಿಯೇ ಕೂಡಿಸುತ್ತೇನೆ.

ಅಪ್ಪ