ಸೋಮವಾರದ ಸಹಿ

ರಾಜಾಜಿನಗರ
೧೨-೩-೧೯೭೬

ಪ್ರಿನ್ಸಿಪಾಲರಿಗೆ ನಮಸ್ಕಾರ.

ನಿನ್ನೆ ಸಂಜೆ ನಿಮ್ಮ ಕಾಲೇಜಿನ ಜವಾನರು ಮನೆಗೆ ಬಂದಿದ್ದರು. ಎರಡು ವರ್ಷದ ಹಿಂದಿನ ಸರ್ಕಾರಿ ಸ್ಕಾಲರ್‌ಶಿಪ್ ನನಗೆ ಮುಟ್ಟಿದೆಯೆಂಬ ರಸೀದಿಗೆ ಸಹಿ ಬೇಕಂತೆ. "ಸೋಮವಾರ ಆಡಿಟ್‌ನೋರು ಬರ್ತಾರೆ, ಹಾಕ್ಬಿಡಮ್ಮ" ಎಂದರು.

ಆ ಹಣಕ್ಕಾಗಿ ಆರು ತಿಂಗಳು ನಿಮ್ಮ ಆಫೀಸಿನ ಕಿಟಕಿಯ ಮುಂದೆ ನಿಂತಿದ್ದೆ. ಸರ್ಕಾರದಿಂದ ಬಂದೇ ಇಲ್ಲವೆಂದು ಪ್ರತಿಸಲವೂ ವಾಪಸು ಕಳಿಸಿದಿರಿ. ಫೀಸು ಕಟ್ಟಲಾಗದೆ ಬಿ.ಎಸ್ಸಿ. ಬಿಟ್ಟೆ. ಈಗ ಸ್ವಿಚ್ ಕಾರ್ಖಾನೆಯಲ್ಲಿ ಸ್ಕ್ರೂ ಬಿಗಿಯುತ್ತೇನೆ.

ಸಹಿ ಹಾಕದ ಆ ರಸೀದಿ ನನ್ನ ಬಳಿಯೇ ಇದೆ. ಸೋಮವಾರ ರಜೆ ಹಾಕಿದ್ದೇನೆ. ಆಡಿಟರು ಬಂದು ಕುಳಿತ ಮೇಲೆ ಅದನ್ನು ಹಿಡಿದು ಬರುತ್ತೇನೆ. ದಯವಿಟ್ಟು ಅವರ ಪಕ್ಕ ನನಗೊಂದು ಕುರ್ಚಿ ಹಾಕಿಸಿ. ಈ ಸಲ ಕಿಟಕಿಯ ಹೊರಗೆ ನಿಲ್ಲುವುದಿಲ್ಲ.

ನಿಮ್ಮ ಹಳೆಯ ವಿದ್ಯಾರ್ಥಿನಿ,
ಪಂಕಜಾಕ್ಷಿ